ಬಫೆ ಊಟದ ಶುಚಿತ್ವ: ನಾವು ಎಲ್ಲಿ ನೋಡಬೇಕು?

(ಧಾರವಾಡದಲ್ಲಿ ಅಡಿಗೆ ಗುತ್ತಿಗೆದಾರರು, ಮಂಗಲ ಕಾರ್ಯಾಲಯಗಳ ವ್ಯವಸ್ಥಾಪಕರು ಮತ್ತು ಸಾರ್ವಜನಿಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಬಫೆ ಇಲ್ಲದ ಮದುವೆ, ಗೃಹಪ್ರವೇಶ, ಬೀಳ್ಕೊಡುಗೆ ಸಮಾರಂಭಗಳು ಕಡಿಮೆಯಾಗುತ್ತಿವೆ. ಭಾನುವಾರ ಮಧ್ಯಾಹ್ನ ಇಡೀ ಕುಟುಂಬ ಬಫೆ ಹೋಟೆಲಿಗೆ ಹೋಗುವುದೂ ರೂಢಿಯಾಗಿದೆ. ಹೀಗಿದ್ದರೂ ಉಂಡು ಬಂದವರ ಮನಸ್ಸಿನಲ್ಲಿ ಒಂದು ಅಳುಕು ಉಳಿದಿರುತ್ತದೆ. ಆ ಸೌಟನ್ನು ಎಷ್ಟು ಜನ ಹಿಡಿದಿದ್ದರೋ, ಪಲ್ಯದ ಮುಂದೆ ನಿಂತು ಯಾರು ಕೆಮ್ಮಿದರೋ, ನಿನ್ನೆ ಉಳಿದದ್ದನ್ನೇ ಬಿಸಿ ಮಾಡಿ ಇಟ್ಟಿದ್ದರೋ ಏನೋ ಎಂಬ ಮಾತುಗಳನ್ನು ನಾವೆಲ್ಲರೂ ಕೇಳಿದ್ದೇವೆ, ಆಡಿಯೂ ಇದ್ದೇವೆ. ಇದನ್ನು ಅತಿಯಾದ ಮಡಿ ಎಂದು ತಳ್ಳಿಹಾಕುವವರಿದ್ದಾರೆ. ನಾನು ಅವರ ಪಕ್ಷದವನಲ್ಲ. ಈ ಅಳುಕು ನ್ಯಾಯವಾದದ್ದು.

ಆದರೆ ಅಳುಕಿನಿಂದ ಹೊರಟ ನಮ್ಮ ಕಣ್ಣು ಬಹಳ ಸಲ ಬೇರೆ ಕಡೆಗೆ ಹೋಗುತ್ತದೆ. ಮೇಜಿನ ಮೇಲಿನ ಬಟ್ಟೆ ಬಿಳಿಯಾಗಿದೆಯೇ, ಪಾತ್ರೆ ಹೊಳೆಯುತ್ತಿದೆಯೇ, ಬಡಿಸುವವರು ಟೊಪ್ಪಿಗೆ ಹಾಕಿದ್ದಾರೆಯೇ ಎಂದು ನೋಡಿ ಸಮಾಧಾನಪಟ್ಟುಕೊಳ್ಳುತ್ತೇವೆ. ಅನ್ನ ಯಾವ ಹೊತ್ತಿಗೆ ಬೆಂದದ್ದು, ಈಗ ಅದು ಎಷ್ಟು ಬಿಸಿ ಇದೆ ಎಂದು ಕೇಳುವುದಿಲ್ಲ. ಬಫೆಯಲ್ಲಿ ಮೊದಲನೆಯ ಅಪಾಯ ಹೊತ್ತು ಮತ್ತು ಶಾಖಕ್ಕೆ ಸಂಬಂಧಿಸಿದ್ದು, ಎರಡನೆಯದು ಕೈಗೆ ಸಂಬಂಧಿಸಿದ್ದು; ಉಳಿದದ್ದೆಲ್ಲ ಆಮೇಲಿನದು. ಇಂದು ನಾನು ಹೇಳಬೇಕೆಂದಿರುವುದು ಇಷ್ಟನ್ನೇ, ಆದರೆ ಇದನ್ನು ಸ್ವಲ್ಪ ವಿವರವಾಗಿ ಹೇಳುವ ಅಗತ್ಯವಿದೆ.

ಯಾರೂ ಸಂಶಯಪಡದ ಅನ್ನದಿಂದಲೇ ಆರಂಭಿಸುತ್ತೇನೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಹೊಲಗದ್ದೆಗಳ ಮಣ್ಣಿನಲ್ಲಿ ಸಹಜವಾಗಿಯೇ ಇರುತ್ತದೆ, ಅದರ ಬೀಜಾಣುಗಳು ಅಕ್ಕಿಯ ಜೊತೆಗೆ ಅಡಿಗೆಮನೆಗೆ ಬರುತ್ತವೆ. ಗಟ್ಟಿ ಕವಚವಿರುವ ಈ ಬೀಜಾಣುಗಳು ಅನ್ನ ಕುದಿಯುವಾಗ ಸಾಯುವುದಿಲ್ಲ. ಅನ್ನ ಚೆನ್ನಾಗಿ ಬಿಸಿಯಾಗಿರುವ ತನಕ ಸುಮ್ಮನಿದ್ದು, ಅದು ಉಗುರುಬೆಚ್ಚಗಾದೊಡನೆ ಮೊಳೆತು ಬೆಳೆಯತೊಡಗುತ್ತವೆ, ಮತ್ತು ಅವುಗಳಲ್ಲಿ ಕೆಲವು ತಳಿಗಳು ಅನ್ನದಲ್ಲಿಯೇ ವಿಷವನ್ನು ಬಿಡುತ್ತವೆ. ವಾಂತಿ ತರಿಸುವ ಆ ವಿಷವು 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೂವರೆ ಗಂಟೆ ಇದ್ದರೂ ಕೆಡುವುದಿಲ್ಲ. ನಮ್ಮ ಮನೆಯ ಕುಕ್ಕರಿನೊಳಗಿನ ಶಾಖ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಬೆಳಗಿನಿಂದ ಹೊರಗಿದ್ದ ಅನ್ನಕ್ಕೆ ಸಂಜೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಹಾಗೆಯೇ ಉಳಿಯುತ್ತದೆ. ಉಂಡ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. "ಒಮ್ಮೆ ಕುದಿಸಿದರೆ ಎಲ್ಲ ಸರಿಹೋಗುತ್ತದೆ" ಎಂಬ ನಂಬಿಕೆಯನ್ನು ನಾವು ಬಿಡಬೇಕು.

ದೊಡ್ಡ ಡಬರಿಯಲ್ಲಿ ಮಾಡಿದ ತೊವ್ವೆ, ಸಾರು, ಮಾಂಸದ ಅಡಿಗೆಗಳಿಗೆ ಇನ್ನೊಂದು ಬ್ಯಾಕ್ಟೀರಿಯಾ ಕಾದಿರುತ್ತದೆ. ಅದರ ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಇದಕ್ಕೆ ಗಾಳಿ ಬೇಡ. ತಳದಲ್ಲಿ ಗಟ್ಟಿಯಾಗಿ ಕುಳಿತ ಬೇಳೆ, ಮಾಂಸದ ತುಂಡುಗಳ ನಡುವಿನ ಜಾಗ ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. 43ರಿಂದ 47 ಡಿಗ್ರಿ ಶಾಖದಲ್ಲಿ ಇದು ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಉಂಡ 6ರಿಂದ 24 ಗಂಟೆಗಳಲ್ಲಿ ಹೊಟ್ಟೆನೋವು, ಭೇದಿ ಬರುತ್ತವೆ. ಮೂರನೆಯದು ಸ್ಟೆಫಿಲೊಕಾಕಸ್. ಅದು ಆರೋಗ್ಯವಂತರ ಮೂಗಿನಲ್ಲಿ, ಚರ್ಮದ ಮೇಲೆ, ಕೈಯ ಗಾಯದಲ್ಲಿ ಇರುತ್ತದೆ ಮತ್ತು ಅಡಿಗೆಯವರ ಕೈಯಿಂದ ಬಾಸುಂದಿಗೆ, ಖೋವಾದ ಸಿಹಿಗೆ, ಕೆನೆ ಹಚ್ಚಿದ ಕೇಕಿಗೆ ಇಳಿದು ಅಲ್ಲಿ ವಿಷ ಬಿಡುತ್ತದೆ. ಈ ವಿಷವೂ ಕುದಿಸಿದರೆ ಹೋಗುವಂಥದ್ದಲ್ಲ.

ಇವುಗಳ ಬೆಳವಣಿಗೆಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಒಂದು ಗ್ರಾಂ ಅನ್ನದಲ್ಲಿ 100 ಬ್ಯಾಕ್ಟೀರಿಯಾ ಇದ್ದು, ಅವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ ಎಂದುಕೊಳ್ಳಿ. ಎರಡು ಗಂಟೆಗೆ ಅವು 6,400 ಆಗುತ್ತವೆ. ನಾಲ್ಕು ಗಂಟೆಗೆ ನಾಲ್ಕು ಲಕ್ಷವನ್ನು ದಾಟುತ್ತವೆ. ಬ್ಯಾಸಿಲಸ್ ಸೀರಿಯಸ್‌ನಿಂದ ಕಾಯಿಲೆಯಾದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಗ್ರಾಮಿಗೆ ಒಂದು ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಕಂಡುಬಂದಿವೆ. ಮೊದಲ ಎರಡು ಗಂಟೆ ಮತ್ತು ನಂತರದ ಎರಡು ಗಂಟೆಗಳ ನಡುವೆ ಇರುವ ಅಂತರ ಇದರಿಂದ ತಿಳಿಯುತ್ತದೆ. ಈ ಹೊತ್ತಿನಲ್ಲಿ ಅನ್ನದ ಬಣ್ಣವಾಗಲಿ ವಾಸನೆಯಾಗಲಿ ರುಚಿಯಾಗಲಿ ಬದಲಾಗುವುದಿಲ್ಲ. ಹಳಸಿದ ವಾಸನೆ ಬಂದರೆ ನಾವೇ ಬಿಟ್ಟೇವು. ವಾಸನೆ ಬಾರದ ಊಟವೇ ಹೆಚ್ಚು ಜನರನ್ನು ಮಲಗಿಸುತ್ತದೆ.

ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಬೆಂದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಹೊರಗೆ ಇಡಬಾರದು, ಬಡಿಸುವ ತನಕ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಡಬೇಕು ಎಂದು ಹೇಳುತ್ತದೆ. 5 ಡಿಗ್ರಿ ಮತ್ತು 60 ಡಿಗ್ರಿಗಳ ನಡುವಿನದು ಅಪಾಯದ ವಲಯ. ನಮ್ಮ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಅಡಿಗೆ ಗುತ್ತಿಗೆದಾರರ ಮತ್ತು ಹೋಟೆಲುಗಳ ತಪಾಸಣೆಗೆಂದು ಮಾಡಿದ ಪಟ್ಟಿಯಲ್ಲಿ ಇನ್ನೂ ಬಿಗಿಯಾಗಿದೆ: ಬಿಸಿಯಾಗಿ ಬಡಿಸುವ ಆಹಾರ 65 ಡಿಗ್ರಿಯಲ್ಲಿ, ಮಾಂಸಾಹಾರ 70 ಡಿಗ್ರಿಯಲ್ಲಿ, ತಣ್ಣಗಿನ ಪದಾರ್ಥ 5 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇರಬೇಕು. 65 ಡಿಗ್ರಿಯ ಸಾರಿನಲ್ಲಿ ಬೆರಳಿಟ್ಟರೆ ತಟ್ಟನೆ ಹಿಂದೆಗೆಯಬೇಕಾಗುತ್ತದೆ. ತಟ್ಟೆಗೆ ಹಾಕಿದ ಕೂಡಲೇ ಆರಾಮವಾಗಿ ಕಲಸಿ ಉಣ್ಣಬಹುದಾದಷ್ಟು ಬೆಚ್ಚಗಿನ ಅನ್ನ ಸಾರು ನಮಗೆ ಹಿತವೆನಿಸುತ್ತದೆ. ಆದರೆ ಮೇಜಿನ ಮೇಲಿನ ಪಾತ್ರೆಯಲ್ಲಿಯೇ ಅದು ಅಷ್ಟು ಬೆಚ್ಚಗಿದ್ದರೆ ಅಪಾಯದ ವಲಯಕ್ಕೆ ಇಳಿದಾಗಿದೆ ಎಂದೇ ತಿಳಿಯಬೇಕು.

ಈಗ ನಮ್ಮ ಕಡೆಯ ಒಂದು ಮದುವೆಯ ದಿನಚರಿಯನ್ನು ಇದಕ್ಕೆ ಹೊಂದಿಸಿ ನೋಡೋಣ. ಏಪ್ರಿಲ್ ಅಥವಾ ಮೇ ತಿಂಗಳು. ಹೊರಗೆ 37-38 ಡಿಗ್ರಿ ಬಿಸಿಲು. ಅಕ್ಕಿಕಾಳು ಬೀಳುವುದು ಹನ್ನೆರಡೂವರೆಗೆ. ಅಡಿಗೆಯವರು ನಸುಕಿನಲ್ಲಿಯೇ ಒಲೆ ಹಚ್ಚಿರುತ್ತಾರೆ, ಏಕೆಂದರೆ ಸಾವಿರ ಜನರ ಊಟ ಕೊನೆಯ ಗಳಿಗೆಯಲ್ಲಿ ಆಗುವಂಥದ್ದಲ್ಲ. ಒಂಬತ್ತು ಹತ್ತು ಗಂಟೆಗೆ ಅನ್ನ ಬಸಿದು ದೊಡ್ಡ ಬುಟ್ಟಿಗಳಲ್ಲಿ ತುಂಬಿ ಮೇಲೆ ಬಿಳಿ ಬಟ್ಟೆ ಮುಚ್ಚಿರುತ್ತಾರೆ. ಮುಹೂರ್ತ ತಡವಾಗುತ್ತದೆ, ಗಣ್ಯರು ಬರುತ್ತಾರೆ, ಹಾರ ತುರಾಯಿಗಳಾಗುತ್ತವೆ. ಊಟದ ಸಾಲು ಒಂದು ಗಂಟೆಗೆ ಶುರುವಾಗಿ ಮೂರೂವರೆಗೆ ಮುಗಿಯುತ್ತದೆ. ಕೊನೆಯ ಸಾಲಿನಲ್ಲಿ ಉಣ್ಣುವವರು ಯಾರು? ಬೀಗರನ್ನು, ಬಂಧುಗಳನ್ನು ಉಪಚರಿಸಿದ ಮನೆಯವರು, ಗಂಡಸರೆಲ್ಲ ಉಂಡ ಮೇಲೆ ಕುಳಿತ ಹೆಂಗಸರು, ವಾದ್ಯದವರು, ಪಾತ್ರೆ ತೊಳೆಯುವವರು. ಐದಾರು ಗಂಟೆಯ ಹಿಂದಿನ ಅನ್ನ ಅವರ ತಟ್ಟೆಗೆ ಬೀಳುತ್ತದೆ. ದುಡಿದವರಿಗೇ ಅಪಾಯದ ತುತ್ತು ಸಿಗುವುದು ನನಗೆ ಬಹಳ ನೋವಿನ ಸಂಗತಿ.

ಬಫೆ ಮೇಜಿನ ಮೇಲಿನ ಚೇಫಿಂಗ್ ಡಿಶ್ ಎಂಬ ಮುಚ್ಚಳದ ಪಾತ್ರೆ ಈ ಕಷ್ಟಕ್ಕೆಂದೇ ಇರುವುದು. ಅದರಲ್ಲಿ ಎರಡು ಅಂತಸ್ತು. ಕೆಳಗಿನ ತಟ್ಟೆಯಲ್ಲಿ ನೀರು, ಅದರ ಕೆಳಗೆ ಉರಿಯುವ ಜೆಲ್ ಡಬ್ಬಿ, ಮೇಲಿನ ತಟ್ಟೆಯಲ್ಲಿ ಪದಾರ್ಥ. ಹುಬ್ಬಳ್ಳಿಯ ಒಂದು ಸಮಾರಂಭದಲ್ಲಿ ಸಾಲು ಕರಗಿದ ಮೇಲೆ ಒಂದೊಂದನ್ನೇ ಬಗ್ಗಿ ನೋಡುತ್ತ ಹೋದೆ. ಪಲಾವಿನ ಕೆಳಗೆ ಜೆಲ್ ಮುಗಿದು ಡಬ್ಬಿಯ ತಳ ಕಪ್ಪಾಗಿತ್ತು. ಪನೀರಿನ ಕೆಳಗೆ ಉರಿ ಇತ್ತು, ಆದರೆ ನೀರು ಆರಿ ಹೋಗಿ ಒಂದು ಮೂಲೆಯಲ್ಲಿ ಪದಾರ್ಥ ತಳ ಹಿಡಿದು, ಉಳಿದ ಮೂರು ಮೂಲೆಗಳಲ್ಲಿ ತಣ್ಣಗಿತ್ತು. ಎಣಗಾಯಿಯ ಪಾತ್ರೆಯ ಮುಚ್ಚಳವನ್ನು ಯಾರೋ ತೆರೆದು ಹಿಂದಕ್ಕೆ ಆನಿಸಿದ್ದರು. ಮೇಲಿನ ಎಣ್ಣೆ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು, ಸೌಟಿನ ಹಿಡಿಕೆ ಆ ಎಣ್ಣೆಯೊಳಗೇ ಮುಳುಗಿತ್ತು. ಮೇಜಿನ ಬಟ್ಟೆ ಮಾತ್ರ ಇಸ್ತ್ರಿ ಮಾಡಿದಂತೆ ಶುಭ್ರವಾಗಿತ್ತು. ಈ ಪಾತ್ರೆಯ ಬಗ್ಗೆ ತಿಳಿಯಬೇಕಾದ ಮುಖ್ಯ ಮಾತೆಂದರೆ ಅದು ಬಿಸಿಯನ್ನು ಉಳಿಸುತ್ತದೆ, ತಣಿದದ್ದನ್ನು ಬಿಸಿ ಮಾಡುವ ಶಕ್ತಿ ಅದಕ್ಕಿಲ್ಲ. ಕೆಳಗಿನ ತಟ್ಟೆಗೆ ಮೊದಲೇ ಕುದಿನೀರು ಹಾಕಿ, ಒಲೆಯಿಂದ ಇಳಿಸಿದ ಸುಡುಸುಡು ಪದಾರ್ಥವನ್ನು ಮೇಲೆ ತುಂಬಿ, ಮುಚ್ಚಳ ಮುಚ್ಚಿಟ್ಟರೆ ಮಾತ್ರ ಅದು ತನ್ನ ಕೆಲಸ ಮಾಡುತ್ತದೆ.

ಇಲ್ಲಿ ಅಡಿಗೆ ಗುತ್ತಿಗೆದಾರರು ಇರುವುದರಿಂದ ಒಂದು ರೂಢಿಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ಮೇಜಿನ ಮೇಲಿನ ಪಾತ್ರೆಯಲ್ಲಿ ಕಾಲು ಭಾಗ ಪದಾರ್ಥ ಉಳಿದಿರುವಾಗ ಅದರ ಮೇಲೆಯೇ ಹೊಸದನ್ನು ಸುರಿಯುವುದು ಎಲ್ಲ ಕಡೆಗೂ ನಡೆಯುತ್ತದೆ. ಹೀಗೆ ಮಾಡಿದಾಗ ಮಧ್ಯಾಹ್ನ ಒಂದು ಗಂಟೆಯ ಪದಾರ್ಥದ ಒಂದಷ್ಟು ಪಾಲು ಮೂರು ಗಂಟೆಯ ತನಕವೂ ತಳದಲ್ಲಿ ಉಳಿಯುತ್ತದೆ, ಹೊಸದು ಹಳೆಯದರ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಖಾಲಿಯಾಗುತ್ತ ಬಂದ ಪಾತ್ರೆಯನ್ನು ತೆಗೆದು, ತೊಳೆದ ಇನ್ನೊಂದು ಪಾತ್ರೆಯಲ್ಲಿ ಹೊಸದನ್ನು ತರಬೇಕು, ಸೌಟನ್ನೂ ಬದಲಿಸಬೇಕು. ಇದಕ್ಕೆ ಪಾತ್ರೆಗಳು ಹೆಚ್ಚು ಬೇಕು, ಆಳು ಬೇಕು ಎಂಬುದು ನಿಜ. ಆದರೆ ಮೇಜಿನ ಮೇಲೆ ಸಣ್ಣ ಪಾತ್ರೆ ಇಟ್ಟು ಮೇಲಿಂದ ಮೇಲೆ ಬದಲಿಸಿದರೆ ಕೊನೆಗೆ ಚೆಲ್ಲುವ ಪದಾರ್ಥವೂ ಕಡಿಮೆಯಾಗುತ್ತದೆ. ಅನ್ನವನ್ನು ಒಮ್ಮೆಲೇ ಮಾಡುವ ಬದಲು ಎರಡು ಮೂರು ಸುತ್ತಿನಲ್ಲಿ ಬೇಯಿಸಿದರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ. ಜೊತೆಗೆ ಸರಳಿನಂತೆ ಚುಚ್ಚಿ ನೋಡುವ ಆಹಾರದ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಲಕ್ಷಗಟ್ಟಲೆ ಗುತ್ತಿಗೆ ಹಿಡಿಯುವವರ ಜೇಬಿನಲ್ಲಿ ಅದೊಂದು ಇರಲೇಬೇಕು.

ಎಲ್ಲ ಪದಾರ್ಥಗಳಿಗೂ ಇದೇ ಭಯ ಬೇಡ. ಬ್ಯಾಕ್ಟೀರಿಯಾ ಬೆಳೆಯಲು ನೀರಿನಂಶ ಬೇಕು ಮತ್ತು ಅದಕ್ಕೆ ಹೆಚ್ಚು ಹುಳಿ ಆಗುವುದಿಲ್ಲ. ಈ ದೃಷ್ಟಿಯಿಂದ ನಮ್ಮ ಉತ್ತರ ಕರ್ನಾಟಕದ ಊಟದಲ್ಲಿ ತಾವಾಗಿಯೇ ಸುರಕ್ಷಿತವಾದ ಪದಾರ್ಥಗಳು ಬಹಳ ಇವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಹಪ್ಪಳ, ಸೆಂಡಿಗೆ, ಉಪ್ಪಿನಕಾಯಿಗಳು ಮೇಜಿನ ಮೇಲೆ ಇಡೀ ದಿನ ಇದ್ದರೂ, ಒದ್ದೆ ಕೈ ತಾಗದಿದ್ದರೆ, ಚಿಂತೆಯಿಲ್ಲ. ಚೆನ್ನಾಗಿ ಹೆಪ್ಪಾದ ಮೊಸರಿಗೆ ಅದರ ಹುಳಿಯೇ ಕಾವಲು. ಎಚ್ಚರ ಬೇಕಾದದ್ದು ಕೋಸಂಬರಿಗೆ: ನೆನೆಸಿದ ಹೆಸರುಬೇಳೆ, ಹಸಿ ಸೌತೆಕಾಯಿ, ಹಸಿ ಕೊಬ್ಬರಿ, ಬಹಳ ಜನರ ಕೈ, ಒಲೆಯ ಶಾಖ ಸ್ವಲ್ಪವೂ ಇಲ್ಲ. ಹಸಿ ಕೊಬ್ಬರಿ ಚಟ್ನಿ, ಕತ್ತರಿಸಿಟ್ಟ ಕಲ್ಲಂಗಡಿ, ಪಾನೀಪೂರಿಯ ನೀರು, ಹಾಲಿನ ಪಾಯಸ, ಬಾಸುಂದಿಗಳೂ ಇದೇ ಗುಂಪಿಗೆ ಸೇರಿದವು. ಇವು ತಣ್ಣಗೆ ಇರುವುದಾದರೆ ಐಸಿನ ಮೇಲೆ ನಿಜವಾಗಿಯೂ ತಣ್ಣಗಿರಬೇಕು; ಸುತ್ತ ನಾಲ್ಕು ಐಸಿನ ತುಂಡು ಅಲಂಕಾರಕ್ಕೆಂದು ಇಟ್ಟರೆ ಸಾಲದು. ಕೋಸಂಬರಿಯನ್ನು ಸ್ವಲ್ಪ ಸ್ವಲ್ಪವಾಗಿ ಕಲಸಿ ತರುವುದು ಎಲ್ಲಕ್ಕಿಂತ ಒಳ್ಳೆಯದು.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ನಲವತ್ತು ಐವತ್ತು ಬಗೆ ಇಟ್ಟ ಬಫೆಗಿಂತ ಹನ್ನೆರಡು ಬಗೆ ಇಟ್ಟ ಬಫೆಯನ್ನು ನಾನು ಹೆಚ್ಚು ನಂಬುತ್ತೇನೆ. ಬಗೆಗಳು ಹೆಚ್ಚಿದಷ್ಟೂ ಒಂದೊಂದು ಪಾತ್ರೆಯೂ ನಿಧಾನವಾಗಿ ಖಾಲಿಯಾಗುತ್ತದೆ, ಒಂದೊಂದರ ಮೇಲಿನ ನಿಗಾವೂ ಕಡಿಮೆಯಾಗುತ್ತದೆ. ನಮ್ಮ ಖಾನಾವಳಿಗಳಲ್ಲಿ ಗೋಡೆಗೆ ಹೊಗೆ ಹಿಡಿದಿರಬಹುದು, ಬೆಂಚು ಹಳೆಯದಿರಬಹುದು, ಆದರೆ ಹಂಚಿನಿಂದ ಎದ್ದ ರೊಟ್ಟಿ ಎರಡು ನಿಮಿಷದಲ್ಲಿ ತಟ್ಟೆಗೆ ಬರುತ್ತದೆ, ಕುದಿಯುವ ಬೇಳೆ ಒಲೆಯ ಮೇಲಿನಿಂದಲೇ ಬಟ್ಟಲಿಗೆ ಇಳಿಯುತ್ತದೆ. ಹವಾನಿಯಂತ್ರಿತ ಸಭಾಂಗಣದಲ್ಲಿ ಮೂರು ತಾಸು ಪ್ರದರ್ಶನಕ್ಕೆ ನಿಂತ ಪಲಾವಿಗಿಂತ ಆ ಊಟ ಬಹಳ ಸಲ ಸುರಕ್ಷಿತ. ಹೋಟೆಲಿನ ದರ್ಜೆ ನೋಡಿ ಆಹಾರದ ಸುರಕ್ಷತೆಯನ್ನು ಅಳೆಯಬಾರದು.

ಇನ್ನು ಕೈಯ ಮಾತು. ಪಂಕ್ತಿಯಲ್ಲಿ ಉಣ್ಣುವವರು ಬಡಿಸುವ ಪಾತ್ರೆಯನ್ನು ಮುಟ್ಟುವುದಿಲ್ಲ. ಎಂಜಲು ಕೈಯಿಂದ ಸೌಟು ಹಿಡಿಯಬಾರದೆಂಬ ಕಟ್ಟುನಿಟ್ಟು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುತ್ತದೆ. ಬಫೆಯಲ್ಲಿ ಉಣ್ಣುವವರೇ ಬಡಿಸಿಕೊಳ್ಳುವವರು. ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ತುತ್ತು, ಎರಡನೆಯ ಸಲ ಅನ್ನ ಬೇಕಾದಾಗ ಅದೇ ಬಲಗೈ ಸೌಟಿಗೆ ಹೋಗುತ್ತದೆ. ತಟ್ಟೆ ಕೆಳಗಿಡಲು ಜಾಗವಿಲ್ಲದೆ ನಿಂತು ಉಣ್ಣುವವರಿಂದ ಬೇರೆ ರೀತಿಯನ್ನು ನಿರೀಕ್ಷಿಸುವುದೂ ಕಷ್ಟ. ಹಾಗೆಂದು ಪಂಕ್ತಿಯೇ ಪರಿಹಾರ ಎಂದು ನಾನು ಹೇಳುತ್ತಿಲ್ಲ. ಪಂಕ್ತಿಯಲ್ಲಿ ಬಡಿಸುವ ಒಬ್ಬರ ಕೈಯಲ್ಲಿ ದೋಷವಿದ್ದರೆ ಅದು ಇಡೀ ಸಾಲಿಗೆ ಹರಡುತ್ತದೆ. ಬಫೆಯ ಮೇಜಿನ ಹಿಂದೆ ಬಡಿಸುವವರನ್ನು ನಿಲ್ಲಿಸಿ, ಸೌಟು ಅವರ ಕೈಯಲ್ಲಿಯೇ ಇರುವಂತೆ ಮಾಡುವುದು ಎರಡರ ನಡುವಿನ ಒಳ್ಳೆಯ ದಾರಿ.

ಕೈಯಿಂದ ಕೈಗೆ ಹರಡುವುದು ಎಷ್ಟು ವೇಗವಾಗಿ ಆಗುತ್ತದೆ ಎಂಬುದನ್ನು 2020ರಲ್ಲಿ ಜಪಾನಿನ ಎನ್‌ಎಚ್‌ಕೆ ವಾಹಿನಿಯು ತಜ್ಞರೊಡನೆ ಸೇರಿ ತೋರಿಸಿತು. ಬಫೆಯ ರೀತಿಯ ಊಟಕ್ಕೆ ಹತ್ತು ಜನರನ್ನು ಕೂರಿಸಿ, ಅವರಲ್ಲಿ ಒಬ್ಬರ ಅಂಗೈಗೆ ಮಾತ್ರ, ವಿಶೇಷ ಬೆಳಕಿನಲ್ಲಷ್ಟೇ ಹೊಳೆಯುವ ಬಣ್ಣವನ್ನು ಹಚ್ಚಿದ್ದರು. ಅರ್ಧ ಗಂಟೆಯ ಊಟ ಮುಗಿದ ಮೇಲೆ ಆ ಬೆಳಕು ಹಾಯಿಸಿದಾಗ ಬಣ್ಣ ಹತ್ತೂ ಜನರಿಗೆ ತಗಲಿತ್ತು, ಮೂವರ ಮುಖದ ಮೇಲೂ ಇತ್ತು. ಇಕ್ಕಳ, ಮುಚ್ಚಳದ ಹಿಡಿಕೆಗಳ ಮೂಲಕ ಅದು ಹರಡಿತ್ತು. ಬಡಿಸುವವರನ್ನು ನಿಲ್ಲಿಸಿ, ಇಕ್ಕಳಗಳನ್ನು ಆಗಾಗ ಬದಲಿಸಿ, ಕೈತೊಳೆಯುವುದನ್ನು ಹೆಚ್ಚಿಸಿ ಮತ್ತೊಮ್ಮೆ ಮಾಡಿದಾಗ ಯಾರ ಮುಖಕ್ಕೂ ಬಣ್ಣ ತಗಲಲಿಲ್ಲ. ಪರಿಹಾರ ಇಷ್ಟು ಸುಲಭವಾಗಿದ್ದೂ ನಮ್ಮ ಸಮಾರಂಭಗಳಲ್ಲಿ ಅದನ್ನು ಅಳವಡಿಸಿಕೊಳ್ಳದಿರಲು ಕಾರಣವೇ ಇಲ್ಲ.

ಬಣ್ಣದ ಜಾಗದಲ್ಲಿ ನೊರೊವೈರಸ್ ಇದ್ದರೆ ಏನಾಗುತ್ತದೆ ಎಂದು ಯೋಚಿಸಿ. ವಾಂತಿ ಭೇದಿ ತರಿಸುವ ಈ ವೈರಸ್ಸಿನ ಅತ್ಯಲ್ಪ ಕಣಗಳು ಒಬ್ಬರಿಗೆ ಕಾಯಿಲೆ ತರಲು ಸಾಕು. ಪ್ರವೇಶದ್ವಾರದಲ್ಲಿ ಇಟ್ಟ ಸ್ಯಾನಿಟೈಸರ್ ಬಾಟಲಿ ಇದರ ಮುಂದೆ ಹೆಚ್ಚು ನಡೆಯುವುದಿಲ್ಲ. ಸಾಬೂನು ಹಚ್ಚಿ, ಇಪ್ಪತ್ತು ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯುವುದೇ ಸರಿಯಾದ ಕ್ರಮ. ನಮ್ಮ ಮಂಗಲ ಕಾರ್ಯಾಲಯಗಳಲ್ಲಿ ಕೈತೊಳೆಯುವ ತೊಟ್ಟಿಗಳು ಊಟ ಮುಗಿದ ಮೇಲೆ ಬಳಸುವುದಕ್ಕೆಂದು ಹೊರದಾರಿಯಲ್ಲಿ ಇರುತ್ತವೆ. ಒಳಬರುವ ದಾರಿಯಲ್ಲಿಯೂ ನಾಲ್ಕು ನಳ, ಸಾಬೂನು ಇದ್ದರೆ ಎಷ್ಟೋ ಪ್ರಯೋಜನವಾಗುತ್ತದೆ. ಎರಡನೆಯ ಸಲ ಬಡಿಸಿಕೊಳ್ಳುವಾಗ ಹೊಸ ತಟ್ಟೆ ತೆಗೆದುಕೊಳ್ಳುವುದು ಅಮೆರಿಕದ ಆಹಾರ ಸಂಹಿತೆಯ ನಿಯಮ. ಉಂಡ ತಟ್ಟೆಯ ಅಂಚಿಗೆ ತಾಗಿದ ಸೌಟು ಮರಳಿ ಪಾತ್ರೆಗೆ ಹೋಗಬಾರದೆಂಬುದು ಅದರ ಹಿಂದಿನ ಕಾರಣ. ಎಂಜಲಿನ ಬಗ್ಗೆ ಇಷ್ಟು ಸೂಕ್ಷ್ಮವಾಗಿರುವ ನಮಗೆ ಇದು ಸುಲಭವಾಗಿ ಒಪ್ಪಿಗೆಯಾಗಬೇಕು.

ಪಾತ್ರೆಗಳ ಮುಂದೆ ಓರೆಯಾಗಿ ನಿಲ್ಲಿಸುವ ಗಾಜಿನ ತಡೆಗೆ ಅಮೆರಿಕದಲ್ಲಿ 1959ರಲ್ಲಿಯೇ ಪೇಟೆಂಟ್ ಸಿಕ್ಕಿತ್ತು. ಸೀನು, ಕೆಮ್ಮು, ತಲೆಗೂದಲುಗಳನ್ನು ಅದು ತಡೆಯುತ್ತದೆ. ಮಕ್ಕಳ ಎತ್ತರವನ್ನೂ ಲೆಕ್ಕ ಹಿಡಿದು ಅಳವಡಿಸಿದರೆ ಒಳ್ಳೆಯದು.

ನೀರಿನ ವಿಷಯ ನಮ್ಮ ಊರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಅವಳಿ ನಗರಕ್ಕೆ ಸವದತ್ತಿಯ ಬಳಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು ಬರುತ್ತದೆ, ಆದರೆ ಹಲವು ಬಡಾವಣೆಗಳಿಗೆ ಅದು ನಿತ್ಯವೂ ಬರುವುದಿಲ್ಲ. ದೊಡ್ಡ ಸಮಾರಂಭದ ದಿನ ಟ್ಯಾಂಕರು ತರಿಸಿ ಸಂಪು ತುಂಬಿಸುವುದು ಅನಿವಾರ್ಯವಾಗುತ್ತದೆ. ಆ ನೀರಿನಲ್ಲಿಯೇ ತರಕಾರಿ ತೊಳೆಯುತ್ತಾರೆ, ತಟ್ಟೆ ತೊಳೆಯುತ್ತಾರೆ, ಮಜ್ಜಿಗೆ ಮಾಡುತ್ತಾರೆ. ಸಂಪಿನ ನೀರಿಗೆ ಕ್ಲೋರಿನ್ ಹಾಕಿ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರುವುದನ್ನು ಪರೀಕ್ಷಿಸಿಕೊಳ್ಳುವುದು ವ್ಯವಸ್ಥಾಪಕರ ಕರ್ತವ್ಯ. ಒಂದೇ ಬುಟ್ಟಿ ನೀರಿನಲ್ಲಿ ನೂರು ತಟ್ಟೆ ಅದ್ದಿ, ಒಂದೇ ಬಟ್ಟೆಯಿಂದ ಒರೆಸಿದರೆ ಒಂದು ತಟ್ಟೆಯ ಕೊಳೆ ನೂರಕ್ಕೂ ಹಂಚಿಹೋಗುತ್ತದೆ. ತೊಳೆದ ತಟ್ಟೆಯನ್ನು ಒರೆಸದೆ, ಗಾಳಿಗೆ ಒಣಗಲು ಬಿಡುವುದೇ ಮೇಲು.

ಬಡಿಸುವ, ತೊಳೆಯುವ ಕೆಲಸಗಾರರ ಬಗ್ಗೆ ಮಾತನಾಡದೆ ಈ ವಿಷಯ ಪೂರ್ಣವಾಗುವುದಿಲ್ಲ. ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕು, ಟೈಫಾಯ್ಡ್ ಲಸಿಕೆ ಹಾಕಿಸಬೇಕು ಎಂದು ನಿಯಮವಿದೆ. ವಾಂತಿ, ಭೇದಿ, ಕಾಮಾಲೆ, ಕೈಯಲ್ಲಿ ಕೀವು ತುಂಬಿದ ಗಾಯ ಇದ್ದವರು ಆಹಾರದ ಹತ್ತಿರ ಬರಬಾರದು. ಆದರೆ ಸುತ್ತಲಿನ ಹಳ್ಳಿಗಳಿಂದ ದಿನಗೂಲಿಗೆ ಬರುವ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಆ ದಿನ ಕೆಲಸ ತಪ್ಪಿದರೆ ಕೂಲಿ ತಪ್ಪುತ್ತದೆ. ಹೊಟ್ಟೆ ಕೆಟ್ಟಿದೆ ಎಂದು ಹೇಳಿದವರಿಗೆ ಕೂಲಿ ಕಡಿತ ಮಾಡಿದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಅಂಥ ದಿನ ಕೂಲಿ ಕೊಟ್ಟು ಮನೆಗೆ ಕಳಿಸಿ, ಅಥವಾ ಆಹಾರಕ್ಕೆ ಸಂಬಂಧವಿಲ್ಲದ ಕೆಲಸ ಕೊಡಿ. ಸಾವಿರ ಜನರ ಆರೋಗ್ಯದ ಮುಂದೆ ಒಬ್ಬರ ದಿನಗೂಲಿ ದೊಡ್ಡ ಖರ್ಚಲ್ಲ.

ಉಣ್ಣಲು ಹೋದವರು ಏನು ಮಾಡಬೇಕೆಂದು ಹಲವರು ಕೇಳುತ್ತಾರೆ. ಬಫೆ ತೆರೆದ ಮೊದಲ ಗಂಟೆಯಲ್ಲಿ ಹೋಗಿ. ತಟ್ಟೆ ಹಿಡಿಯುವ ಮೊದಲು ಒಂದು ಸುತ್ತು ನಡೆದು ಮುಚ್ಚಳ ತೆರೆದಾಗ ಆವಿ ಏಳುತ್ತದೆಯೇ, ಕೆಳಗೆ ಉರಿ ಇದೆಯೇ ಎಂದು ನೋಡಿ. ಬೇಗ ಖಾಲಿಯಾಗುತ್ತಿರುವ, ಹೊಸ ಪಾತ್ರೆಯಲ್ಲಿ ಬರುತ್ತಿರುವ ಪದಾರ್ಥವನ್ನು ಆರಿಸಿಕೊಳ್ಳಿ. ದೋಸೆ, ರೊಟ್ಟಿ, ಗಿರಮಿಟ್ಟುಗಳನ್ನು ಕಣ್ಣೆದುರೇ ಮಾಡಿಕೊಡುವ ಕಡೆಗೆ ಹೋಗುವುದು ಒಳ್ಳೆಯದು. ಕಡುಗೆಂಪು ಗೋಬಿ ಮಂಚೂರಿಯಿಂದ ದೂರವಿರಿ. ಅದರಲ್ಲಿ ಬಳಸುತ್ತಿದ್ದ ರೋಡಮೈನ್-ಬಿ ಬಣ್ಣವನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಹಸಿ ಪದಾರ್ಥಗಳನ್ನೂ ತಣಿದ ಅನ್ನವನ್ನೂ ಬಿಡುವುದೇ ಕ್ಷೇಮ. ಪದಾರ್ಥ ತಣ್ಣಗಿದ್ದರೆ ಅಲ್ಲಿದ್ದವರಿಗೆ ಹೇಳಿ. ಬೀಗರ ಮನೆಯ ಮದುವೆಯಲ್ಲಿ ಹೇಗೆ ಹೇಳುವುದು ಎಂಬ ಸಂಕೋಚ ನನಗೆ ಅರ್ಥವಾಗುತ್ತದೆ. "ಅಣ್ಣಾರ, ಇದರ ಕೆಳಗ ಉರಿ ಆರೇತ್ರಿ" ಎಂದು ಬಡಿಸುವವರ ಕಿವಿಯಲ್ಲಿ ಹೇಳಿದರೆ ಯಾರ ಮಾನವೂ ಹೋಗುವುದಿಲ್ಲ.

ಕಾಯಿಲೆ ಬಿದ್ದಾಗ ಕೊನೆಯ ಊಟವನ್ನೇ ದೂರುವುದು ನಮ್ಮ ಸ್ವಭಾವ. ಇದು ಎಲ್ಲ ಸಲವೂ ಸರಿಯಲ್ಲ. ಸ್ಟೆಫಿಲೊಕಾಕಸ್ ಕೆಲವೇ ಗಂಟೆಗಳಲ್ಲಿ ತೋರುತ್ತದೆ, ನೊರೊವೈರಸ್ ಅರ್ಧ ದಿನದಿಂದ ಎರಡು ದಿನ ತೆಗೆದುಕೊಳ್ಳುತ್ತದೆ, ಸಾಲ್ಮೊನೆಲಾ ಕೆಲವೊಮ್ಮೆ ಮೂರು ದಿನಗಳಾದ ಮೇಲೆ ಕಾಣಿಸುತ್ತದೆ, ಹೆಪಟೈಟಿಸ್ ಎ ಕಾಮಾಲೆಗೆ 15ರಿಂದ 50 ದಿನಗಳು ಬೇಕು. ಹಿಂದಿನ ಮೂರು ದಿನಗಳ ಊಟವನ್ನು ನೆನಪಿಸಿಕೊಂಡು, ಜೊತೆಗೆ ಉಂಡವರನ್ನೂ ವಿಚಾರಿಸಿ ವೈದ್ಯರಿಗೆ ಹೇಳಬೇಕು. ಓಆರ್‌ಎಸ್ ಕುಡಿಯುತ್ತಿರಬೇಕು, ರಕ್ತಭೇದಿ, ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ದೂರು ಕೊಡಲು ತಾಲೂಕಿನ ಆಹಾರ ಸುರಕ್ಷತಾ ಅಧಿಕಾರಿ ಇದ್ದಾರೆ, ಫುಡ್ ಸೇಫ್ಟಿ ಕನೆಕ್ಟ್ ಎಂಬ ಆ್ಯಪ್ ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆ ಹೋಟೆಲಿಗೂ ಅನ್ವಯಿಸುತ್ತದೆ, ಮದುವೆಯ ಅಡಿಗೆ ಗುತ್ತಿಗೆದಾರರಿಗೂ ಅನ್ವಯಿಸುತ್ತದೆ. ಗುತ್ತಿಗೆ ಕೊಡುವಾಗ ದರ ಕೇಳುವ ಮೊದಲು ಅವರ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಕೇಳಿ; ಬಿಲ್ಲಿನ ಮೇಲೆ ಅದನ್ನು ಮುದ್ರಿಸುವುದು 2022ರ ಜನವರಿಯಿಂದ ಕಡ್ಡಾಯವಾಗಿದೆ.

ಉಪನ್ಯಾಸ ಮುಗಿಯುವಾಗ ಸಭೆಯಲ್ಲಿದ್ದ ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದರು: ಮದುವೆಯಲ್ಲಿ ಉಳಿದ ಊಟವನ್ನು ಅನಾಥಾಶ್ರಮಕ್ಕೋ ಬಡಮಕ್ಕಳ ವಸತಿನಿಲಯಕ್ಕೋ ಕೊಡುವುದು ಪುಣ್ಯದ ಕೆಲಸವಲ್ಲವೇ? ಇದು ನನ್ನನ್ನು ಬಹಳ ಕಾಲದಿಂದ ಕಾಡಿದ ವಿಷಯ. ಹಸಿದವರಿಗೆ ಕೊಡಲೇಬೇಕು, ಅನ್ನ ಚೆಲ್ಲುವುದನ್ನು ನಾನೂ ಸಹಿಸುವುದಿಲ್ಲ. ಆದರೆ ನಾಲ್ಕು ಗಂಟೆ ಬಫೆ ಮೇಜಿನ ಮೇಲಿದ್ದು, ನೂರಾರು ಕೈ ತಾಗಿದ ಅನ್ನವನ್ನು ಸಂಜೆ ಐದಕ್ಕೆ ಡಬ್ಬಿಗೆ ತುಂಬಿ, ರಾತ್ರಿ ಎಂಟಕ್ಕೆ ಮಕ್ಕಳ ತಟ್ಟೆಗೆ ಹಾಕುವುದನ್ನು ದಾನವೆಂದು ನಾನು ಒಪ್ಪಲಾರೆ. ಮಿಕ್ಕ ಆಹಾರವನ್ನು ಹಂಚುವುದಕ್ಕೆ 2019ರಲ್ಲಿ ಎಫ್‌ಎಸ್‌ಎಸ್‌ಎಐ ಪ್ರತ್ಯೇಕ ನಿಯಮಾವಳಿಯನ್ನೇ ಮಾಡಿದೆ. ಕೊಡಬೇಕೆಂದಿರುವವರು ಆ ಆಶ್ರಮದವರಿಗೆ ಅಥವಾ ವಸತಿನಿಲಯದವರಿಗೆ ಬೆಳಿಗ್ಗೆಯೇ ತಿಳಿಸಬೇಕು, ಅವರ ಪಾಲನ್ನು ಅಡಿಗೆಮನೆಯಲ್ಲಿಯೇ ಬೇರೆ ತೆಗೆದಿಡಬೇಕು, ಮೇಜಿಗೆ ಒಮ್ಮೆಯೂ ಹೋಗದ ಆ ಪದಾರ್ಥವನ್ನು ಒಲೆಯಿಂದ ಇಳಿಸಿದ ಬಿಸಿಯಲ್ಲಿಯೇ ಮುಚ್ಚಿ ಮಧ್ಯಾಹ್ನವೇ ತಲುಪಿಸಬೇಕು. ಮದುವೆ ಮನೆಯವರ ಮೊದಲ ಪಂಕ್ತಿ ಉಣ್ಣುವ ಹೊತ್ತಿಗೆ ಆ ಮಕ್ಕಳೂ ಉಂಡಿರುವಂತೆ ಏರ್ಪಾಡು ಮಾಡಿ ಎಂದು ಅವರಿಗೆ ಹೇಳಿದೆ.